ಕೌದಿಯ ಹೊಲಿಗೆ

ಬಿಡುವಿನ ವೇಳೆಯಲ್ಲಿ ಉಣ್ಣೆಯ ಎಳೆಯನ್ನೂ ಎರಡು ಕಡ್ಡಿಗಳನ್ನೂ ಹಿಡಿದು ಹೆಣೆಯುತ್ತ ಕುಳಿತುಕೊಳ್ಳುವುದು ಚಳಿನಾಡುಗಳ ಹವ್ಯಾಸ. ಯಾದಗಿರಿಯ ಬೇಸಗೆಯನ್ನು ಒಮ್ಮೆ ಕಂಡವರು ಉಣ್ಣೆಯ ಅಂಗಿಯ ಮಾತನ್ನೇ ಎತ್ತಲಾರರು. ಆದರೆ ಕೈಗೆ ಕೆಲಸವನ್ನೂ ಮನಸ್ಸಿಗೆ ವಿರಾಮವನ್ನೂ ಒಟ್ಟಿಗೆ ಕೊಡುವ ಕಲೆಯೊಂದು ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿಯೂ ಉಂಟು. ಅದೇ ಕೌದಿಯ ಹೊಲಿಗೆ.

ಕೌದಿಯೆಂದರೇನೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಪದರು ಪದರಾಗಿ ನೆಲದ ಮೇಲೆ ಹಾಸುವರು. ಮೇಲಿನ ಪದರಿಗೆ ಬಣ್ಣದ ತುಂಡುಗಳನ್ನು ಜೋಡಿಸುವರು: ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಕುಬಸದ ತೋಳು, ಬೆಳೆದ ಮಗನಿಗೆ ಸಾಲದಾದ ಅಂಗಿ. ಬಳಿಕ ಎಲ್ಲ ಪದರುಗಳೂ ಒಂದಾಗುವಂತೆ ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಯುವರು. ಸೂಜಿ ಮೇಲಿನಿಂದ ಇಳಿಯುವುದು, ಕೆಳಗಿನಿಂದ ಏಳುವುದು, ಅಷ್ಟೇ ವಿದ್ಯೆ. ಕಸೂತಿಯ ಚಮತ್ಕಾರವಿಲ್ಲವೆಂದು ಇದನ್ನು ಕೀಳ್ಗಳೆಯುವವರುಂಟು. ಅವರು ಒಂದು ಸಾಲನ್ನು ನೇರವಾಗಿ ಹೊಲಿದು ನೋಡಲಿ!

ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ದಿನಗಳೇ ಇದಕ್ಕೆ ಅನುಕೂಲವಾದ ಕಾಲ. ಕೌದಿ ದೊಡ್ಡದಾದುದರಿಂದ ಒಬ್ಬಳೇ ಹೊಲಿದರೆ ದಿನಗಳು ಹಿಡಿಯುತ್ತವೆ. ನೆರೆಯ ಹೆಂಗಸರು ಬಂದು ಒಂದೊಂದು ಮಗ್ಗುಲಿಗೆ ಕುಳಿತರೆ ಕೆಲಸ ಹಗುರ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವುಂಟು. ಒಬ್ಬಳು ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟಿ ಪಕ್ಕದವಳ ಸಾಲು ಸೊಟ್ಟಗಾಗುತ್ತದೆ. ಸಡಿಲಬಿಟ್ಟರೆ ಒಳಪದರು ಜರುಗಿ ಗಂಟಾಗುತ್ತದೆ. ಆದುದರಿಂದ ಹೊಲಿಯುವವಳು ತನ್ನ ಸೂಜಿಯನ್ನು ನೋಡಿದಷ್ಟೇ ನೆರೆಯವಳ ಕೈಯನ್ನೂ ನೋಡಬೇಕು. ಮನಸ್ತಾಪದಿಂದ ಮಾತು ಬಿಟ್ಟಿದ್ದ ಇಬ್ಬರು ಒಂದೇ ಕೌದಿಗೆ ಕುಳಿತರೆನ್ನಿ: “ಸ್ವಲ್ಪ ಸಡಿಲ ಬಿಡು, ಅಕ್ಕಾ” ಎಂಬಷ್ಟಾದರೂ ಆಡದೆ ಗತ್ಯಂತರವಿಲ್ಲ.

ಸೂಜಿಗೆ ದಾರ ಪೋಣಿಸಿಕೊಡುವುದರಿಂದ ಆರಂಭಿಸಿದ ಹುಡುಗಿ, ತುಂಡು ತುಂಡು ಬಟ್ಟೆಯಿಂದ ಚೌಕವನ್ನೂ ಮುಕ್ಕೋನವನ್ನೂ ಲೆಕ್ಕ ತಪ್ಪದೆ ಕೂಡಿಸುವಷ್ಟಕ್ಕೆ ಬಂದಾಗ, ಹಿರಿಯರು ಅವಳ ಅಭಿಪ್ರಾಯ ಕೇಳತೊಡಗುತ್ತಾರೆ. ಯಾವ ಬಣ್ಣದ ಪಕ್ಕದಲ್ಲಿ ಯಾವುದು ಒಪ್ಪುವುದೆಂಬ ಒಂದೇ ವಿಷಯದಲ್ಲಾದರೂ ಸರಿ, ಮನೆಯಲ್ಲಿ ಅವಳ ಮಾತು ನಡೆಯುವುದು ಸಣ್ಣ ಸಂಗತಿಯಲ್ಲ.

ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಉಂಟು. ನಮಗೆ ಹವ್ಯಾಸವಾದುದು ಅವರಿಗೆ ಹೊಟ್ಟೆಯ ಪಾಡು. ಗಿರಣಿಯ ಹೊದಿಕೆ ಅಗ್ಗವಾಗಿ ದೊರೆಯುವಾಗ ಅವರೊಡನೆ ಹೊಲಿಗೆಯ ಕೂಲಿಯನ್ನು ಚೌಕಾಸಿ ಮಾಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಈ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆಗಳ ಹೊಲಿಗೆಯನ್ನು ನೋಡದವರಾರು? ಅದೇ ಕುಲದ ಕಲೆಯನ್ನು ಸಂಡೂರಿನ ಕುಶಲ ಕಲಾ ಕೇಂದ್ರವು ಬೆಳೆಸಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದಾದ 1,755 ವಸ್ತುಗಳನ್ನು ಅಲ್ಲಿ ಪ್ರದರ್ಶಿಸಲಾಯಿತು.

ಇನ್ನೂ ದೂರದ ನಂಟೊಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಜನರು ನಮ್ಮ ಕೌದಿಯನ್ನು ಹೋಲುವ ಕವಂದಿಯನ್ನು ಹೊಲಿಯುತ್ತಾರೆ. ಆಫ್ರಿಕದ ಕಲೆಯನ್ನು ಅಭ್ಯಾಸ ಮಾಡಿದ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರು ಇದನ್ನು ಕಂಡು ಬೆರಗಾದರು. 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರ ಸಂಘವೊಂದು ಏರ್ಪಟ್ಟಿತು. ಕವಂದಿಗಳು ಸಮುದ್ರ ದಾಟಿ ನ್ಯೂಯಾರ್ಕಿನಲ್ಲಿಯೂ ಪ್ರದರ್ಶಿತವಾದುವು. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಹೂವೆಂದು ಕರೆಯುವ ಮಡಿಕೆಯ ತುಂಡನ್ನಿಡದೆ ಕವಂದಿ ಪೂರ್ಣವಾಯಿತೆನ್ನರು.

ನಮ್ಮ ಸೀಮೆಯಿಂದಲೂ ಕೌದಿ ಹೊರಗೆ ಹೋಗುತ್ತದೆ, ಆದರೆ ಪ್ರದರ್ಶನಕ್ಕಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಟ ಸಂಸಾರಗಳು ಬೆಂಗಳೂರಿಗೂ ಮುಂಬಯಿಗೂ ಹೊತ್ತೊಯ್ಯುವ ಗಂಟಿನಲ್ಲಿ ಪಾತ್ರೆಗಳ ಜೊತೆ ಅದೂ ಇರುತ್ತದೆ. ಅಲ್ಲಿ ಹರಿದರೆ ತೇಪೆಗೆ ಆ ಊರಿನ ಬಟ್ಟೆಯೇ ಆಗಬೇಕು. ಮರಳಿ ಬಂದ ಮೇಲೆ ಆ ತುಂಡನ್ನು ಬೆರಳಿಟ್ಟು ತೋರಿಸಿ, ಅದನ್ನು ಕೊಟ್ಟ ನೆರೆಮನೆಯವಳ ಹೆಸರು ಹೇಳುತ್ತಾರೆ.