ನಿಂತ ಚಿತ್ರ ನಡೆದ ಬಗೆ

ಒಟ್ಟಾವಾದ ಪತ್ರಾಗಾರದಲ್ಲಿ ಕಾಲಿನ್ ಲೋ ಕಣ್ಣಿಗೆ ಬಿದ್ದದ್ದು ಹಳೆಯ ಗಾಜಿನ ನೆಗೆಟಿವ್‌ಗಳು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ಈ ನಿರ್ದೇಶಕರು ಒಂದೊಂದನ್ನೇ ಬೆಳಕಿಗೆ ಹಿಡಿದರೆ, 1898ರ ಡಾಸನ್ ಪಟ್ಟಣವೇ ಎದುರಿಗಿತ್ತು. ಚಿನ್ನದ ಆಸೆಗೆ ಡಾಸನ್ ಇರುವ ಕ್ಲಾಂಡೈಕ್ ಪ್ರದೇಶಕ್ಕೆ ಮುಗಿಬಿದ್ದ ಜನ ಚಿಲ್ಕೂಟ್ ಕಣಿವೆಯ ಹಿಮದಲ್ಲಿ ಇರುವೆಸಾಲಿನಂತೆ ಹತ್ತುತ್ತಿದ್ದರು. ಫಲಕಗಳು ದೊಡ್ಡವು; ಎಷ್ಟು ಹತ್ತಿರ ಹೋದರೂ ಮುಖಗಳು ಮಸುಕಾಗುತ್ತಿರಲಿಲ್ಲ.

ಸಿನಿಮಾ ಮಾಡಲೇಬೇಕು ಅನ್ನಿಸಿತು. ಆದರೆ ಚಿತ್ರದೊಳಗಿನ ಒಬ್ಬರೂ ಅಲುಗುವವರಲ್ಲ. ಚಲಿಸಬೇಕಾದದ್ದು ಕ್ಯಾಮೆರಾ.

ಲೋ ಮತ್ತು ಜೊತೆಗಾರ ವುಲ್ಫ್ ಕೇನಿಗ್ ಇಬ್ಬರಿಗೂ ಅನಿಮೇಶನ್ ಕೆಲಸ ಗೊತ್ತಿತ್ತು. ಮೇಜಿನ ಮೇಲೆ ಫೋಟೊ, ಅದರ ನೆತ್ತಿಗೆ ಕ್ಯಾಮೆರಾ. ಒಂದು ಫ್ರೇಮ್ ತೆಗೆಯುವುದು, ತುಸು ಸರಿಸುವುದು, ಇನ್ನೊಂದು ತೆಗೆಯುವುದು. ಸೆಕೆಂಡಿಗೆ 24 ಫ್ರೇಮ್. ಹತ್ತು ಸೆಕೆಂಡಿನ ಪಯಣಕ್ಕೆ 240. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪರದೆಯ ಮೇಲೆ ಚಿತ್ರ ಎಗರುತ್ತಿತ್ತು. ತಪ್ಪೇ ಇಲ್ಲದೆ ಸಮಸಮವಾಗಿ ಸರಿಸಿದರಂತೂ ಇನ್ನೊಂದು ಪೀಡೆ: ಕ್ಯಾಮೆರಾ ಗಕ್ಕನೆ ಹೊರಟು ಗಕ್ಕನೆ ನಿಲ್ಲುತ್ತಿತ್ತು. ನೋಡುವುದು ಮನುಷ್ಯನಲ್ಲ, ಯಂತ್ರ ಎಂಬುದು ಪ್ರೇಕ್ಷಕನಿಗೆ ತಕ್ಷಣ ತಿಳಿದುಬಿಡುತ್ತಿತ್ತು.

ಈ ಗಂಟನ್ನು ಬಿಚ್ಚಲು ಕೂತವರು ಸಹೋದ್ಯೋಗಿ ರೋಮನ್ ಕ್ರಾಯ್ಟರ್. ಓದಿದ್ದು ತತ್ತ್ವಶಾಸ್ತ್ರ, ಹಟ ಮೆಕ್ಯಾನಿಕ್‌ನದು. ಬೀದಿಯಲ್ಲಿ ನಿಂತು ಕೈಯಲ್ಲಿ ಕ್ಯಾಮೆರಾ ಹಿಡಿದವನ ನೋಟ ಹೇಗೆ ಅಲೆಯುತ್ತದೋ ಹಾಗೆಯೇ ಚಲನೆಯ ದಾರಿಯನ್ನು ಮೊದಲೇ ಗುರುತಿಸಿಕೊಡುವ ಸಾಧನವೊಂದನ್ನು ಅವರು ಕಟ್ಟಿದರು. ಗೆಳೆಯರು ಅದಕ್ಕೆ ‘ಕ್ರಾಯ್ಟರರ್’ ಎಂದು ಹೆಸರಿಟ್ಟರು.

1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ತೆರೆಕಂಡಿತು. ಡಾಸನ್‌ನಲ್ಲೇ ಬೆಳೆದ ಪಿಯರ್ ಬರ್ಟನ್ ಕತೆ ಹೇಳಿದರು. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಆಸ್ಕರ್‌ಗೂ ನಾಮನಿರ್ದೇಶನವಾಯಿತು.

ಆ ಚಿತ್ರದ ಋಣವನ್ನು ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ ಬಾಯಿಬಿಟ್ಟು ಒಪ್ಪಿಕೊಂಡರು. 1990ರ ‘ದಿ ಸಿವಿಲ್ ವಾರ್’ ಟಿವಿ ಸರಣಿಯಲ್ಲಿ ಅವರು ಈ ತಂತ್ರವನ್ನು ಮನೆಮನೆಗೆ ಮುಟ್ಟಿಸಿದರು. ಮುಂದೆ ಆ್ಯಪಲ್‌ನ ಸ್ಟೀವ್ ಜಾಬ್ಸ್, ಈ ತಂತ್ರಕ್ಕೆ ಇಡಲು ಬರ್ನ್ಸ್ ಹೆಸರನ್ನೇ ಕೇಳಿದರು. ಜಾಹೀರಾತಿಗೆ ಹೆಸರು ಕೊಡುವವರಲ್ಲ ಬರ್ನ್ಸ್. ಸೇವಾಸಂಸ್ಥೆಗಳಿಗೆ ಕಂಪ್ಯೂಟರ್ ಕೊಡುವುದಾದರೆ ಸರಿ ಎಂದರು. 2003ರಲ್ಲಿ ಆ್ಯಪಲ್‌ನ ವಿಡಿಯೊ ಸಂಕಲನ ತಂತ್ರಾಂಶ ಐಮೂವಿಯೊಳಗೆ ‘ಕೆನ್ ಬರ್ನ್ಸ್ ಎಫೆಕ್ಟ್’ ಎಂಬ ಬಟನ್ ಬಂದು ಕೂತಿತು.

ಈ ಚಲನೆಯ ಗುಟ್ಟು ಇಷ್ಟೇ. ಹೊರಡುವಾಗ ಹೆಜ್ಜೆ ಚಿಕ್ಕದು, ನಡುವೆ ದೊಡ್ಡದು, ನಿಲ್ಲುವಾಗ ಮತ್ತೆ ಚಿಕ್ಕದು. ಜೂಮ್‌ಗೆ ಇನ್ನೊಂದು ಲೆಕ್ಕವಿದೆ: ಫೋಟೊದ ಮೇಲೆ ಕ್ಯಾಮೆರಾ ಕಾಣುವ ಚೌಕಟ್ಟಿನ ಅಗಲ 40 ಸೆಂಟಿಮೀಟರಿನಿಂದ 39ಕ್ಕೆ ಇಳಿದರೆ ಕಣ್ಣಿಗೆ ಗೊತ್ತಾಗದು; 4ರಿಂದ 3ಕ್ಕೆ ಇಳಿದರೆ ಚಿತ್ರ ಮೈಮೇಲೆ ಬೀಳುತ್ತದೆ. ಹಾಗಾಗಿ ನಡುದಾರಿಯಲ್ಲಿ ಪ್ರತಿ ಫ್ರೇಮಿಗೂ ಚೌಕಟ್ಟು ಕುಗ್ಗಬೇಕಾದದ್ದು ಒಂದೇ ಅಳತೆಯಲ್ಲಲ್ಲ, ಒಂದೇ ಅನುಪಾತದಲ್ಲಿ.

ನ್ಯಾಯವಾಗಿ ಆ ಬಟನ್ನಿನ ಮೇಲೆ ಕ್ರಾಯ್ಟರ್ ಹೆಸರೂ ಇರಬೇಕಿತ್ತು. ಅವರು ಮುಂದೆ ಐಮ್ಯಾಕ್ಸ್ ಹುಟ್ಟುಹಾಕಿದ ನಾಲ್ವರಲ್ಲಿ ಒಬ್ಬರಾದರು.