ಪಾಚಿಯ ಆತ್ಮರಕ್ಷಣೆ: ನಮ್ಮ ಆರೋಗ್ಯಕ್ಕೊಂದು ಪಾಠ

ಕೆರೆಯ ಮೆಟ್ಟಿಲ ಮೇಲೆ, ಬಾವಿಯ ಕಟ್ಟೆಯ ಮೇಲೆ, ಮಳೆಗಾಲದ ಅಂಗಳದಲ್ಲಿ ಹಬ್ಬುವ ಹಸಿರು ಪಾಚಿಯನ್ನು ನಾವು ಕಾಲು ಜಾರಿಸುವ ಕೊಳೆಯೆಂದೇ ಭಾವಿಸುತ್ತೇವೆ. ಆದರೆ ಇಂದು ಇದೇ ಪಾಚಿಯ ಬಂಧುಗಳು ಔಷಧಿ ಅಂಗಡಿಗಳಲ್ಲಿ ಗುಳಿಗೆಯಾಗಿ, ಪುಡಿಯಾಗಿ ಮಾರಾಟವಾಗುತ್ತಿವೆ. ‘ದೇಹದ ವಿಷವನ್ನೆಲ್ಲ ತೆಗೆಯುತ್ತದೆ, ಮುಪ್ಪನ್ನು ತಡೆಯುತ್ತದೆ’ ಎಂಬ ಪ್ರಚಾರವನ್ನು ನಂಬಿ ಹಣ ವ್ಯಯಿಸುವ ಮುನ್ನ, ಪಾಚಿಯು ವಿಷದಿಂದ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದನ್ನು ಅರಿಯುವುದು ಉಚಿತ.

ಬೆಳಕೇ ಬಾಧೆಯಾದಾಗ

ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳುತ್ತದೆ. ಬಿಸಿಲು ಮಿತಿಮೀರಿದಾಗ, ಬಳಕೆಯಾಗದೆ ಉಳಿದ ಶಕ್ತಿಯು ಜೀವಕೋಶದಲ್ಲಿರುವ ಆಮ್ಲಜನಕವನ್ನು ಸೇರಿ ಅದನ್ನು ಉಗ್ರರೂಪಕ್ಕೆ ತಿರುಗಿಸುತ್ತದೆ. ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಈ ರೂಪಗಳು ಕೋಶದ ಕೊಬ್ಬು, ಪ್ರೋಟೀನು ಮತ್ತು ವಂಶವಾಹಿಗಳನ್ನು ಕೆಡಿಸುತ್ತವೆ. ಇದನ್ನೇ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ನಮ್ಮ ಜೀವಕೋಶಗಳು ಉಸಿರಾಡುವಾಗಲೂ ಇಂತಹ ಉಗ್ರ ಕಣಗಳು ಸ್ವಲ್ಪಮಟ್ಟಿಗೆ ಹುಟ್ಟುತ್ತಲೇ ಇರುತ್ತವೆ. ಧೂಮಪಾನವು ಅವುಗಳನ್ನು ಹೆಚ್ಚಿಸುತ್ತದೆ.

ರಕ್ಷಣೆಯ ಮೂರು ಕ್ರಮಗಳು

ಪಾಚಿಯು ಮೊದಲು ಹೆಚ್ಚಾದ ಬೆಳಕಿನ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತದೆ. ಅದಕ್ಕೂ ಮಿಕ್ಕಿ ಹುಟ್ಟಿದ ಉಗ್ರ ಕಣಗಳನ್ನು ಕಿಣ್ವಗಳು ನಿವಾರಿಸುತ್ತವೆ. ಒಂದು ಕಿಣ್ವವು ಸೂಪರಾಕ್ಸೈಡನ್ನು ಪೆರಾಕ್ಸೈಡ್ ಆಗಿಸಿದರೆ, ಮತ್ತೊಂದು ಕಿಣ್ವವು ಸಿ ಜೀವಸತ್ವದ ನೆರವಿನಿಂದ ಆ ಪೆರಾಕ್ಸೈಡನ್ನು ನಿರುಪದ್ರವಿಯಾದ ನೀರನ್ನಾಗಿಸುತ್ತದೆ.

ಮೂರನೆಯದು ಬಣ್ಣದ ಕವಚ. ಹೆಮಟೋಕಾಕಸ್ ಎಂಬ ಹಸಿರು ಪಾಚಿಗೆ ಪ್ರಖರ ಬಿಸಿಲು ತಗಲಿದಾಗ ಅಥವಾ ಪೋಷಕಾಂಶಗಳ ಕೊರತೆಯಾದಾಗ, ಅದು ದಪ್ಪ ಗೋಡೆಯನ್ನು ಕಟ್ಟಿಕೊಂಡು ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯದಿಂದ ಕಡುಕೆಂಪಾಗುತ್ತದೆ. ರಾಜಸ್ಥಾನದ ಸಾಂಭರ್ ಉಪ್ಪುನೀರಿನ ಸರೋವರದಲ್ಲಿಯೂ ಕಂಡುಬರುವ ಡುನಾಲಿಯೆಲ್ಲಾ ಎಂಬ ಪಾಚಿಯು ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ನನ್ನೇ ತನ್ನೊಳಗೆ ತುಂಬಿಕೊಳ್ಳುತ್ತದೆ.

ವಿಷವನ್ನು ಕಟ್ಟಿಹಾಕುವ ಬಗೆ

ಕಾರ್ಖಾನೆಗಳ ತ್ಯಾಜ್ಯದಿಂದ ನೀರಿಗೆ ಸೇರುವ ಕ್ಯಾಡ್ಮಿಯಂನಂತಹ ಭಾರಲೋಹಗಳನ್ನು ಎದುರಿಸುವ ಕ್ರಮವೇ ಬೇರೆ. ಜೀವಕೋಶದಲ್ಲಿ ಗ್ಲುಟಾಥಯೋನ್ ಎಂಬ ಸಣ್ಣ ಅಣುವಿದೆ. ಇದು ನಮ್ಮ ಯಕೃತ್ತಿನಲ್ಲಿಯೂ ತಯಾರಾಗುತ್ತದೆ. ಪಾಚಿಯು ಇಂತಹ ಅಣುಗಳನ್ನು ಬಳಸಿ ಫೈಟೋಕೆಲಾಟಿನ್ ಎಂಬ ಸರಪಳಿಯನ್ನು ಹೆಣೆಯುತ್ತದೆ. ಅದರಲ್ಲಿರುವ ಗಂಧಕವು ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಬಂಧಿತವಾದ ಲೋಹವು ಕೋಶದ ಒಳಗಿನ ಚೀಲಗಳಲ್ಲಿ ಸಂಗ್ರಹವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲೋಹವು ನಾಶವಾಗುವುದಿಲ್ಲ, ಪಾಚಿಯೊಳಗೇ ಉಳಿಯುತ್ತದೆ. ಆದ್ದರಿಂದ ಕಲುಷಿತ ನೀರಿನಲ್ಲಿ ಬೆಳೆದ ಪಾಚಿಯನ್ನು ಸೇವಿಸಿದರೆ ಆ ವಿಷವು ನಮ್ಮ ಒಡಲನ್ನು ಸೇರುತ್ತದೆ. ಪಾಚಿಯ ಗುಳಿಗೆಯನ್ನು ಕೊಳ್ಳುವವರು ಅದು ಶುದ್ಧ ನೀರಿನಲ್ಲಿ ಬೆಳೆದದ್ದೇ, ಭಾರಲೋಹಗಳ ಪರೀಕ್ಷೆಯಾಗಿದೆಯೇ ಎಂದು ವಿಚಾರಿಸಲೇಬೇಕು.

ಹಿತ ಮಿತವೇ ಮದ್ದು

ಪಾಚಿಯನ್ನು ಕಾಯುವ ದ್ರವ್ಯವು ನಮ್ಮನ್ನೂ ಕಾಯುವುದೆಂದು ತಿಳಿಯುವುದು ಆತುರದ ತೀರ್ಮಾನ. ಫಿನ್ಲೆಂಡಿನಲ್ಲಿ ಧೂಮಪಾನಿ ಪುರುಷರಿಗೆ ದಿನವೂ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಗುಳಿಗೆಯನ್ನು ಕೊಟ್ಟು ಹಲವು ವರ್ಷ ಪರೀಕ್ಷಿಸಲಾಯಿತು. 1994ರಲ್ಲಿ ಪ್ರಕಟವಾದ ಫಲಿತಾಂಶವು ಎಲ್ಲರನ್ನೂ ಬೆರಗುಗೊಳಿಸಿತು. ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಆದ್ದರಿಂದ ಬೀಡಿ, ಸಿಗರೇಟು ಸೇದುವವರು ಗುಳಿಗೆಯ ಆಸರೆಯನ್ನು ಹುಡುಕದೆ ಆ ಚಟವನ್ನೇ ಬಿಡುವುದು ಶ್ರೇಯಸ್ಕರ.

ಕ್ಲೋರೆಲ್ಲಾ ಎಂಬ ಹಸಿರು ಪಾಚಿಯಲ್ಲಿ ಕೆ ಜೀವಸತ್ವವಿರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಕೆರೆಯ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ತೇಲುವ ಕೆನೆಯು ಅನೇಕ ವೇಳೆ ನೀಲಿ-ಹಸಿರು ಪಾಚಿಯೆಂಬ ಬೇರೆಯೇ ಗುಂಪಿಗೆ ಸೇರಿದ್ದು. ಅದರ ಕೆಲವು ಜಾತಿಗಳು ಯಕೃತ್ತಿಗೆ ಮಾರಕವಾದ ವಿಷವನ್ನು ಉತ್ಪಾದಿಸುತ್ತವೆ. ಕುದಿಸಿದರೂ ಆ ವಿಷವು ಹೋಗದು. ಅಂತಹ ನೀರನ್ನು ನಾವು ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು. ಕೆರೆಗೆ ಕೊಳಚೆ ಸೇರದಂತೆ ನೋಡಿಕೊಳ್ಳುವುದು ಊರವರೆಲ್ಲರ ಕಾಯಕವಾಗಬೇಕು.

ನುಗ್ಗೆಸೊಪ್ಪು, ರಾಜಗಿರಿ, ಮೆಂತ್ಯೆ, ಗಜ್ಜರಿ, ಪಪ್ಪಾಯಿ, ನೆಲ್ಲಿಕಾಯಿಗಳಲ್ಲಿ ನಮಗೆ ಬೇಕಾದ ರಕ್ಷಕ ದ್ರವ್ಯಗಳು ಸಹಜ ಪ್ರಮಾಣದಲ್ಲಿ ಇವೆ. ದಾಸೋಹದ ಪಂಕ್ತಿಯಲ್ಲಿ ರೊಟ್ಟಿಯೊಡನೆ ಬಡಿಸುವ ಪಲ್ಯವನ್ನು ಪ್ರಸಾದವೆಂದು ಸ್ವೀಕರಿಸುವವರು ಅದನ್ನು ತಟ್ಟೆಯಲ್ಲಿ ಉಳಿಸದಿರಲಿ. ಹೆಮಟೋಕಾಕಸ್ ಪಾಚಿಯು ಸಂಕಟ ಬಂದಾಗ ಮಾತ್ರ ಕೆಂಪು ಕವಚವನ್ನು ತೊಟ್ಟು, ಕಾಲ ಅನುಕೂಲವಾದಾಗ ಮತ್ತೆ ಹಸಿರಾಗುತ್ತದೆ. ಬೇಕಾದಾಗ ಬೇಕಾದಷ್ಟನ್ನೇ ಬಳಸುವ ಈ ನಿಯಮವನ್ನು ಆಹಾರದಲ್ಲಿಯೂ ಔಷಧದಲ್ಲಿಯೂ ನಾವು ಪಾಲಿಸೋಣ.