ಶಾಲೆಗಳಲ್ಲಿ ಏಕರೂಪ ಪರೀಕ್ಷೆ: ಗುಣಗಳು ಮತ್ತು ಮಿತಿಗಳು

ಮುಂಬಯಿ ಮಹಾನಗರಕ್ಕೆ ಹೊಂದಿಕೊಂಡಿರುವ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿ ನಗರಗಳು ದೇಶದ ನಾನಾ ಭಾಗಗಳಿಂದ ಉದ್ಯೋಗವನ್ನರಸಿ ಬಂದ ಕುಟುಂಬಗಳಿಗೆ ನೆಲೆಯಾಗಿವೆ. ಕರಾವಳಿ ಹಾಗೂ ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿರುವ ಕನ್ನಡಿಗರೂ ಅನೇಕರು. ಒಂದೇ ವಸತಿ ಕಟ್ಟಡದ ಮೂವರು ಮಕ್ಕಳು ಮೂರು ಬಗೆಯ ಶಾಲೆಗಳಿಗೆ ಹೋಗುವುದು ಈ ಪ್ರದೇಶದಲ್ಲಿ ಅಪರೂಪವಲ್ಲ. ಒಬ್ಬನದು ರಾಜ್ಯ ಮಂಡಳಿಯ ಪಠ್ಯಕ್ರಮವಾದರೆ, ಇನ್ನೊಬ್ಬಳದು ಸಿ.ಬಿ.ಎಸ್.ಇ., ಮತ್ತೊಬ್ಬನದು ಐ.ಸಿ.ಎಸ್.ಇ. ಹತ್ತನೆಯ ತರಗತಿ ಮುಗಿದ ನಂತರ ಈ ಮೂವರೂ ಒಂದೇ ಜೂನಿಯರ್ ಕಾಲೇಜಿನ ಪ್ರವೇಶಕ್ಕೆ ಅರ್ಜಿ ಸಲ್ಲಿಸಬಹುದು. ಇವರಲ್ಲಿ ಯಾರ ಕಲಿಕೆ ಹೆಚ್ಚಿನದು ಎಂಬುದನ್ನು ನಿರ್ಣಯಿಸುವುದು ಹೇಗೆ? ಏಕರೂಪ ಪರೀಕ್ಷೆಯ ಅಗತ್ಯವೂ ಅದರ ತೊಡಕುಗಳೂ ಈ ಪ್ರಶ್ನೆಯಲ್ಲಿಯೇ ಅಡಗಿವೆ.

ಏಕರೂಪ ಪರೀಕ್ಷೆ ಎಂದರೇನು?

ಒಂದೇ ಪಠ್ಯಭಾಗವನ್ನು ಆಧರಿಸಿ, ಒಂದೇ ಪ್ರಶ್ನೆಪತ್ರಿಕೆಯನ್ನು, ಒಂದೇ ಕಾಲಾವಧಿಯಲ್ಲಿ, ಒಂದೇ ನಿಯಮದಂತೆ ಬರೆಯಿಸಿ, ಒಂದೇ ಮಾನದಂಡದಿಂದ ಮೌಲ್ಯಮಾಪನ ಮಾಡುವ ಪರೀಕ್ಷೆಗೆ ಏಕರೂಪ ಪರೀಕ್ಷೆ ಎನ್ನಬಹುದು. 1966ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳಿಯು ನಡೆಸುವ ಎಸ್.ಎಸ್.ಸಿ. ಪರೀಕ್ಷೆಯು ಇದಕ್ಕೆ ಸಮೀಪದ ಉದಾಹರಣೆಯಾಗಿದೆ. ಪುಣೆಯಲ್ಲಿ ಕೇಂದ್ರ ಕಚೇರಿಯಿರುವ ಈ ಮಂಡಳಿಯ ಒಂಬತ್ತು ವಿಭಾಗಗಳಲ್ಲಿ ಮುಂಬಯಿ ವಿಭಾಗವೂ ಒಂದು. ಅದರ ಕಚೇರಿ ನವಿ ಮುಂಬಯಿಯ ವಾಶಿಯಲ್ಲಿದ್ದು, ಮೇಲೆ ಹೇಳಿದ ನಾಲ್ಕೂ ನಗರಗಳ ಶಾಲೆಗಳು ಅದರ ವ್ಯಾಪ್ತಿಗೆ ಬರುತ್ತವೆ.

ಪ್ರಯೋಜನಗಳು

ಏಕರೂಪ ಪರೀಕ್ಷೆಯ ಮೊದಲ ಗುಣ ನಿಷ್ಪಕ್ಷಪಾತ. ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿರದೆ ಕ್ರಮಾಂಕ ಮಾತ್ರ ಇರುವುದರಿಂದ, ಮೌಲ್ಯಮಾಪಕರಿಗೆ ಮಗುವಿನ ಜಾತಿಯಾಗಲಿ, ಊರಾಗಲಿ, ತಂದೆಯ ಉದ್ಯೋಗವಾಗಲಿ ತಿಳಿಯುವುದಿಲ್ಲ. ಹೆಸರಾಂತ ಶಾಲೆಯ ವಿದ್ಯಾರ್ಥಿಗೂ ನಗರಸಭೆಯ ಶಾಲೆಯ ವಿದ್ಯಾರ್ಥಿಗೂ ಅಂಕ ನೀಡುವ ನಿಯಮ ಒಂದೇ ಆಗಿರುತ್ತದೆ. ಶಿಫಾರಸು ಪತ್ರವನ್ನು ಸಂಪಾದಿಸಲಾಗದ ಕುಟುಂಬದ ಮಗುವಿಗೆ ಅಂಕಪಟ್ಟಿಯೇ ಶಿಫಾರಸು ಪತ್ರವಾಗುತ್ತದೆ.

ಎರಡನೆಯದಾಗಿ, ಕಲಿಕೆಯ ಕೊರತೆಗಳು ಎಲ್ಲಿವೆಯೆಂಬುದು ಇಂತಹ ಪರೀಕ್ಷೆಗಳಿಂದ ಬೆಳಕಿಗೆ ಬರುತ್ತದೆ. 2021ರ ನವೆಂಬರ್ 12ರಂದು ಕೇಂದ್ರ ಸರ್ಕಾರವು ನಡೆಸಿದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ 3, 5, 8 ಮತ್ತು 10ನೆಯ ತರಗತಿಗಳ ಸುಮಾರು 34 ಲಕ್ಷ ವಿದ್ಯಾರ್ಥಿಗಳು 22 ಭಾಷೆಗಳಲ್ಲಿ ಪಾಲ್ಗೊಂಡಿದ್ದರು. 2024ರ ಡಿಸೆಂಬರ್ 4ರಂದು ಇದೇ ಉದ್ದೇಶದ 'ಪರಖ್' ಸಮೀಕ್ಷೆಯನ್ನು 3, 6 ಮತ್ತು 9ನೆಯ ತರಗತಿಗಳಿಗೆ ನಡೆಸಲಾಯಿತು. ಈ ಸಮೀಕ್ಷೆಗಳಲ್ಲಿ ಯಾವ ಮಗುವನ್ನೂ ಉತ್ತೀರ್ಣ ಅಥವಾ ಅನುತ್ತೀರ್ಣವೆಂದು ಘೋಷಿಸುವುದಿಲ್ಲ. ಯಾವ ಜಿಲ್ಲೆಯಲ್ಲಿ ಗಣಿತ ಹಿಂದುಳಿದಿದೆ, ಎಲ್ಲಿ ಓದುವ ಸಾಮರ್ಥ್ಯ ಕುಂಠಿತವಾಗಿದೆ ಎಂಬುದನ್ನು ಮಾತ್ರ ಅವು ತೋರಿಸುತ್ತವೆ. ಜ್ವರ ಎಷ್ಟಿದೆಯೆಂದು ತಿಳಿಯದೆ ಮದ್ದು ಕೊಡಲಾಗದು ಎಂಬ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಅಳತೆಗೋಲುಗಳನ್ನು ಹೋಲಿಸುವ ಕಷ್ಟ

ಒಂದು ಮಂಡಳಿಯೊಳಗೆ ಸುಲಭವಾಗಿರುವ ಹೋಲಿಕೆಯು ಮಂಡಳಿಗಳ ನಡುವೆ ಜಟಿಲವಾಗುತ್ತದೆ. ಒಂದು ಮಂಡಳಿಯ ಶೇಕಡಾ 85 ಇನ್ನೊಂದರ ಶೇಕಡಾ 85ಕ್ಕೆ ಸಮವೆಂದು ಹೇಳಲು ಆಧಾರವಿಲ್ಲ. ಪಠ್ಯ, ಪ್ರಶ್ನೆಗಳ ಸ್ವರೂಪ ಹಾಗೂ ಅಂಕ ನೀಡುವ ರೀತಿ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ.

ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಸಂಬಂಧಿಸಿದಂತೆ ಮಹಾರಾಷ್ಟ್ರ ಸರ್ಕಾರವು ಮೂರು ವರ್ಷ ಸತತವಾಗಿ ಇದಕ್ಕೆ ಪರಿಹಾರವನ್ನು ಹುಡುಕಿತು. 2008ರಲ್ಲಿ ವಿವಿಧ ಮಂಡಳಿಗಳ ಅಂಕಗಳನ್ನು ಒಂದೇ ಮಾನಕ್ಕೆ ಪರಿವರ್ತಿಸುವ ಸೂತ್ರವನ್ನು ರೂಪಿಸಲಾಯಿತು. 2009ರಲ್ಲಿ ಶೇಕಡಾ 90 ಸ್ಥಾನಗಳನ್ನು ರಾಜ್ಯ ಮಂಡಳಿಯ ವಿದ್ಯಾರ್ಥಿಗಳಿಗೂ ಶೇಕಡಾ 10ನ್ನು ಇತರ ಮಂಡಳಿಗಳವರಿಗೂ ಮೀಸಲಿಡಲು ಆದೇಶಿಸಲಾಯಿತು. ಈ ಎರಡೂ ಕ್ರಮಗಳನ್ನು ಬಾಂಬೆ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. 2010ರಲ್ಲಿ, ಎಸ್.ಎಸ್.ಸಿ. ವಿದ್ಯಾರ್ಥಿಗಳು ಹೆಚ್ಚು ಅಂಕ ಗಳಿಸಿದ ಐದು ವಿಷಯಗಳನ್ನು ಮಾತ್ರ ಪ್ರವೇಶಕ್ಕೆ ಪರಿಗಣಿಸುವ ನಿಯಮ ಬಂದಿತು. ಉಚ್ಚ ನ್ಯಾಯಾಲಯವು ಅದನ್ನೂ ತಳ್ಳಿಹಾಕಿತಾದರೂ ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಪ್ರತಿಯೊಂದು ಸೂತ್ರದಿಂದಲೂ ಒಂದು ಗುಂಪಿನ ಮಕ್ಕಳಿಗೆ ಅನುಕೂಲವಾದಾಗ ಇನ್ನೊಂದು ಗುಂಪಿಗೆ ಅನ್ಯಾಯವಾಯಿತೆಂಬ ದೂರು ಕೇಳಿಬಂದುದು ಗಮನಾರ್ಹ.

ಎಲ್ಲರಿಗೂ ಹೊಸದೊಂದು ಸಾಮಾನ್ಯ ಪರೀಕ್ಷೆಯನ್ನು ನಡೆಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. 2021ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಹತ್ತನೆಯ ತರಗತಿಯ ಪರೀಕ್ಷೆ ರದ್ದಾಗಿ, ಆಂತರಿಕ ಮೌಲ್ಯಮಾಪನದ ಆಧಾರದ ಮೇಲೆ ಶೇಕಡಾ 99.95 ವಿದ್ಯಾರ್ಥಿಗಳು ಉತ್ತೀರ್ಣರಾದರು. ಆಗ ಹನ್ನೊಂದನೆಯ ತರಗತಿಯ ಪ್ರವೇಶಕ್ಕಾಗಿ 100 ಅಂಕಗಳ ಐಚ್ಛಿಕ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ರಾಜ್ಯ ಸರ್ಕಾರವು ಪ್ರಕಟಿಸಿತು. ಆದರೆ ಪ್ರಶ್ನೆಗಳು ರಾಜ್ಯ ಮಂಡಳಿಯ ಪಠ್ಯವನ್ನಷ್ಟೇ ಆಧರಿಸಿದ್ದವು. ಆಗಸ್ಟ್ 10ರಂದು ಬಾಂಬೆ ಉಚ್ಚ ನ್ಯಾಯಾಲಯವು ಈ ಪ್ರಕಟಣೆಯನ್ನು ರದ್ದುಗೊಳಿಸಿತು. ಪ್ರಶ್ನೆಪತ್ರಿಕೆ ಒಂದೇ ಆದ ಮಾತ್ರಕ್ಕೆ ಪರೀಕ್ಷೆ ಸಮಾನವಾಗುವುದಿಲ್ಲ. ಬರೆಯುವವರೆಲ್ಲರಿಗೂ ಆ ಪಾಠವನ್ನು ಕಲಿಯುವ ಅವಕಾಶ ದೊರೆತಿರಬೇಕು ಎಂಬ ಅಂಶ ಇದರಿಂದ ಸ್ಪಷ್ಟವಾಗುತ್ತದೆ.

ಅಂಕಿಗಳು ಹೇಳದ ಸಂಗತಿ

ಎಸ್.ಎಸ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲಿತಾಂಶವು 2018ರಲ್ಲಿ ಶೇಕಡಾ 89.41 ಇದ್ದುದು 2019ರಲ್ಲಿ ಶೇಕಡಾ 77.10ಕ್ಕೆ ಇಳಿಯಿತು. 2020ರಲ್ಲಿ ಅದು ಮತ್ತೆ ಶೇಕಡಾ 95.30ಕ್ಕೆ ಏರಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಿ ಮರುವರ್ಷವೇ ಜಾಣರಾದರೆಂದು ಯಾರೂ ಹೇಳಲಾರರು. 2019ರಲ್ಲಿ ಹೊಸ ಪಠ್ಯಕ್ರಮ ಜಾರಿಯಾಗಿತ್ತು. ಭಾಷೆ ಮತ್ತು ಸಮಾಜವಿಜ್ಞಾನ ವಿಷಯಗಳಲ್ಲಿ ಶಾಲೆಗಳು ನೀಡುತ್ತಿದ್ದ 20 ಆಂತರಿಕ ಅಂಕಗಳನ್ನು ಕೈಬಿಡಲಾಗಿತ್ತು. ಮರುವರ್ಷ ಆಂತರಿಕ ಅಂಕಗಳನ್ನು ಮತ್ತೆ ಸೇರಿಸಲಾಯಿತು. ಆದುದರಿಂದ ಅಂಕವನ್ನು ಓದುವಾಗ ಅದನ್ನು ಯಾವ ನಿಯಮದಂತೆ ನೀಡಲಾಯಿತು ಎಂಬುದನ್ನೂ ಓದಬೇಕಾಗುತ್ತದೆ.

ಇತರ ದೋಷಗಳು

ಪರೀಕ್ಷೆಯ ಫಲಿತಾಂಶಕ್ಕೆ ಭವಿಷ್ಯವನ್ನು ಕಟ್ಟಿಹಾಕಿದಷ್ಟೂ ಪಾಠ ಕಿರಿದಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಬಾರದ ಪ್ರಯೋಗ, ಚರ್ಚೆ, ಸಂಗೀತ, ಆಟಗಳು ಹಿಂದೆ ಸರಿಯುತ್ತವೆ. ಕಂಠಪಾಠವೇ ಕಲಿಕೆಯೆನಿಸುತ್ತದೆ. ಮಕ್ಕಳ ಶೈಕ್ಷಣಿಕ ಹೊರೆಯನ್ನು ಕುರಿತು ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿಯೇ ವರದಿ ನೀಡಿತ್ತು. ಖಾಸಗಿ ತರಬೇತಿಯ ವೆಚ್ಚವನ್ನು ಭರಿಸಬಲ್ಲವರಿಗೂ ಭರಿಸಲಾಗದವರಿಗೂ ನಡುವಿನ ಅಂತರವು ಪರೀಕ್ಷೆಯ ನಿಷ್ಪಕ್ಷಪಾತವನ್ನೇ ಕುಗ್ಗಿಸುತ್ತದೆ. ಪ್ರವೇಶ ಪರೀಕ್ಷೆಗಳ ತರಬೇತಿಗಾಗಿ ವಿದ್ಯಾರ್ಥಿಗಳು ತರಗತಿಗಳಿಗೆ ಗೈರುಹಾಜರಾಗುವುದನ್ನು ತಡೆಯಲು, ಮುಂಬಯಿ ಸೇರಿದಂತೆ ಕೆಲವು ವಿಭಾಗಗಳ ವಿಜ್ಞಾನ ಶಾಖೆಯ ಜೂನಿಯರ್ ಕಾಲೇಜುಗಳಲ್ಲಿ ಯಂತ್ರದ ಮೂಲಕ ಬೆರಳಚ್ಚಿನ ಹಾಜರಾತಿ ಪಡೆಯುವಂತೆ ರಾಜ್ಯ ಸರ್ಕಾರವು 2018ರಲ್ಲಿ ಆದೇಶಿಸಬೇಕಾಯಿತು.

ಭಾಷೆಯ ಪ್ರಶ್ನೆಯೂ ಮುಖ್ಯವಾದುದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ 'ಬಾಲಭಾರತಿ'ಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಪ್ರಕಟಿಸುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಪ್ರಶ್ನೆಯ ಅನುವಾದ ತೊಡಕಾಗಿದ್ದರೆ ಗಣಿತ ಬಲ್ಲ ಮಗುವೂ ಲೆಕ್ಕ ತಪ್ಪುತ್ತದೆ. ಆಗ ಪರೀಕ್ಷೆ ಅಳೆಯುವುದು ಗಣಿತವನ್ನಲ್ಲ, ವಾಕ್ಯವನ್ನು ಬಿಡಿಸುವ ಶಕ್ತಿಯನ್ನು. ಅದೇ ವಿದ್ಯಾರ್ಥಿಯು ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾದಾಗ ಮೊದಲ ಕೆಲವು ತಿಂಗಳು ಕಡಿಮೆ ಅಂಕ ಬಂದರೆ, ಅದನ್ನು ಬುದ್ಧಿಯ ಕೊರತೆಯೆಂದು ತಿಳಿಯುವುದು ತಪ್ಪಾಗುತ್ತದೆ.

ಪಾಲಕರು ಗಮನಿಸಬೇಕಾದ ಅಂಶಗಳು

ಮೇಲಿನ ವಿವೇಚನೆಯಿಂದ ಏಕರೂಪ ಪರೀಕ್ಷೆಯನ್ನು ತ್ಯಜಿಸಬೇಕೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅದನ್ನು ತ್ಯಜಿಸಿದರೆ ಪ್ರಭಾವ ಮತ್ತು ಪರಿಚಯಗಳಿಗೆ ಬಾಗಿಲು ತೆರೆಯುತ್ತದೆ. ಬಡ ಮಗುವೇ ಮೊದಲು ಹೊರಗುಳಿಯುತ್ತದೆ. ಆದರೆ ಒಂದು ಪರೀಕ್ಷೆಯನ್ನು ಯಾವ ಉದ್ದೇಶಕ್ಕಾಗಿ ರಚಿಸಲಾಗಿದೆಯೋ ಆ ಉದ್ದೇಶಕ್ಕಷ್ಟೇ ಬಳಸುವುದು ಉಚಿತ. ಶಾಲೆಯ ಕೊರತೆಯನ್ನು ಅರಿಯಲು ನಡೆಸುವ ಸಮೀಕ್ಷೆ ಬೇರೆ, ಸ್ಥಾನ ಹಂಚುವ ಪರೀಕ್ಷೆ ಬೇರೆ, ತರಗತಿಯಲ್ಲಿ ಶಿಕ್ಷಕರು ದಿನವೂ ಮಾಡುವ ಅವಲೋಕನ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಮಂಡಳಿಯ ಪರೀಕ್ಷೆಗಳ ಭಾರವನ್ನು ತಗ್ಗಿಸಿ, ಕಂಠಪಾಠಕ್ಕಿಂತ ಮೂಲ ಸಾಮರ್ಥ್ಯಗಳನ್ನು ಅಳೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸೂಚಿಸಿದೆ.

ಫಲಿತಾಂಶ ಪ್ರಕಟವಾದಾಗ ಪಾಲಕರು ಒಟ್ಟು ಶೇಕಡಾವಾರನ್ನಷ್ಟೇ ನೋಡದೆ ವಿಷಯವಾರು ಅಂಕಗಳನ್ನು ಪರಿಶೀಲಿಸಬೇಕು. ಅಂಕಗಳ ಬಗ್ಗೆ ಸಂದೇಹವಿದ್ದಲ್ಲಿ ಉತ್ತರಪತ್ರಿಕೆಯ ನಕಲು ಪ್ರತಿಯನ್ನು ಪಡೆದು ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಲು ರಾಜ್ಯ ಮಂಡಳಿಯಲ್ಲಿ ಅವಕಾಶವಿದೆ. ಅನುತ್ತೀರ್ಣರಾದವರ ಒಂದು ವರ್ಷ ವ್ಯರ್ಥವಾಗದಂತೆ 2015ರಿಂದ ಪೂರಕ ಪರೀಕ್ಷೆಯ ವ್ಯವಸ್ಥೆಯೂ ಜಾರಿಯಲ್ಲಿದೆ. ಬೇರೆ ಮಂಡಳಿಯಲ್ಲಿ ಓದುವ ನೆರೆಮನೆಯ ಮಗುವಿನ ಅಂಕಗಳೊಡನೆ ತಮ್ಮ ಮಗುವಿನ ಅಂಕಗಳನ್ನು ಹೋಲಿಸುವುದರಿಂದ ಪ್ರಯೋಜನವಿಲ್ಲ. ಆ ಹೋಲಿಕೆಯನ್ನು ಸರ್ಕಾರ ಮತ್ತು ನ್ಯಾಯಾಲಯಗಳೇ ಸುಲಭವಾಗಿ ಮಾಡಲಾಗಲಿಲ್ಲ.

ಮೂರು ಗಂಟೆಗಳಲ್ಲಿ ಮಗು ಏನನ್ನು ಬರೆಯಿತು ಎಂಬುದನ್ನು ಪರೀಕ್ಷೆ ತಿಳಿಸುತ್ತದೆ. ಹತ್ತು ವರ್ಷಗಳಲ್ಲಿ ಅದು ಏನನ್ನು ಕಲಿತಿದೆ, ಮುಂದೆ ಏನಾಗಬಲ್ಲದು ಎಂಬುದನ್ನು ಬಲ್ಲವರು ಅದರ ಶಿಕ್ಷಕರು ಮತ್ತು ಮನೆಯವರು. ಈ ಎರಡೂ ಅರಿವುಗಳನ್ನು ಕೂಡಿಸಿ ನೋಡಿದಾಗ ಮಾತ್ರ ಅಂಕಪಟ್ಟಿಯು ಮಗುವಿಗೆ ನೆರವಾಗುತ್ತದೆ.